ಎರಡು ನಿಮಿಷಕ್ಕೊಮ್ಮೆ ಇಳಿಯುವ ಬೆಳಕು

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಉಳಿದ ಒಂಬತ್ತು ಉಗುರುಗಳನ್ನು ಶುಕ್ರವಾರಕ್ಕೊಮ್ಮೆ ನುಣ್ಣಗೆ ಕತ್ತರಿಸಿ, ಇದೊಂದನ್ನು ಮಾತ್ರ ಅರದಿಂದ ತಿಕ್ಕಿ ತಿಕ್ಕಿ, ತುದಿ ಚಪ್ಪಟೆ ಮಾಡಿ, ಸಣ್ಣ ಸ್ಕ್ರೂಡ್ರೈವರಿನ ಹಾಗೆ ಇಟ್ಟುಕೊಂಡಿದ್ದರು. ಟೀವಿ ರಿಮೋಟೋ ಕ್ಯಾಲ್ಕುಲೇಟರೋ ನನ್ನ ಆಟದ ಮಷಿನ್ನೋ, ಯಾವುದನ್ನು ಬಿಚ್ಚಿದರೂ ಬಟನ್ನುಗಳ ಕೆಳಗಿನ ರಬ್ಬರನ್ನು ಆ ಉಗುರಿನಿಂದಲೇ ಎತ್ತುತ್ತಿದ್ದರು. ಹಂಚಿನಿಂದ ರೊಟ್ಟಿ ಎಬ್ಬಿಸುವ ಹಾಗೆ, ಅಂಚಿನಿಂದ, ಮೆಲ್ಲಗೆ. ಚಿಮಟ ಯಾಕೆ ಹಿಡಿಯುವುದಿಲ್ಲ ಎಂದು ಒಮ್ಮೆ ಕೇಳಿದೆ.

“ಕಬ್ಬಿಣ ತಾಗಿದ್ರ ರಬ್ಬರ್ ಹರೀತದ್ರಿ ಟೀಚರಬಾಯಿ. ಉಗುರಿಗಿ ಕರುಣಾ ಇರ್ತದ,” ಅಂದರು.

ಮೂವತ್ತೆರಡು ವರ್ಷ ಇಂಗ್ಲಿಷ್ ಟೀಚರಾಗಿದ್ದವಳು ನಾನು. ‘ಮರ್ಸಿ’ ಅನ್ನುವ ಶಬ್ದವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ವಿವರಿಸಿದ್ದೇನೋ. ಇಷ್ಟು ಸಣ್ಣ, ಇಷ್ಟು ಸರಿಯಾದ ಎಕ್ಸಾಂಪಲ್ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಜೇವರ್ಗಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ತಿರುಗುವಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೆಟ್ಟಿಲ ಕೆಳಗೆ ಅವರ ಅಂಗಡಿ. ನಿಂತರೆ ತಲೆ ತಾಗುತ್ತದೆ, ಆದ್ದರಿಂದ ಯಾವಾಗಲೂ ಕೂತೇ ಇರುತ್ತಿದ್ದರು. ಊರಿಗೆಲ್ಲ ಅವರು ರೇಡಿಯೋ ಭಾಯಿ. ರಿಪೇರಿಗೆ ರೇಡಿಯೋ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಬರುತ್ತಿದ್ದದ್ದು ರಿಮೋಟು, ಮಿಕ್ಸರು, ಕರೆಂಟ್ ಹೋದಾಗ ಹತ್ತುವ ಎಮರ್ಜೆನ್ಸಿ ಲೈಟು. ಆದರೂ ಹೆಸರು ಹಾಗೇ ಉಳಿದಿತ್ತು. ಮೂಲ ಆಳಂದದವರು. ಅಲ್ಲಿ ಅವರ ಅಪ್ಪನ ಕಾಲದಲ್ಲಿ ರೇಡಿಯೋ ಅಂಗಡಿ ಇತ್ತಂತೆ. ನಮ್ಮ ಹತ್ತಿರ ಕನ್ನಡ ಮಾತಾಡುತ್ತಿದ್ದರು, ಕೆಟ್ಟ ಸಾಮಾನಿನ ಹತ್ತಿರ ಉರ್ದು. ಮಿಕ್ಸರು ಬಿಚ್ಚುವಾಗ “ಕ್ಯಾ ಹುವಾ ಬೇಟಾ, ಬೋಲ್” ಎಂದು ಅದನ್ನು ಕೇಳುತ್ತಿದ್ದದ್ದು ರಸ್ತೆಯ ತನಕ ಕೇಳಿಸುತ್ತಿತ್ತು.

ಅವರಿಗೆ ಒಂದು ವಿದ್ಯೆ ಇತ್ತು. ರಿಮೋಟಿನ ಯಾವ ಬಟನ್ ಸವೆದಿದೆ ಎಂದು ನೋಡಿ ಆ ಮನೆಯ ಸುದ್ದಿ ಹೇಳಿಬಿಡುತ್ತಿದ್ದರು. ಚಾನೆಲ್ ಬದಲಿಸುವ ಬಟನ್ ಸವೆದಿದ್ದರೆ ಗಂಡ ಹೆಂಡತಿಗೆ ಒಂದೇ ಪ್ರೋಗ್ರಾಮ್ ಹಿಡಿಸುವುದಿಲ್ಲ. ಮ್ಯೂಟ್ ಸವೆದಿದ್ದರೆ ಮನೆಯಲ್ಲಿ ಯಾರೋ ಪರೀಕ್ಷೆಗೆ ಓದುತ್ತಿದ್ದಾರೆ. ಇದು ಗಮ್ಮತ್ತಿನ ಮಾತೆಂದು ನಾನು ನಗುತ್ತಿದ್ದೆ, ಹತ್ತಿರದ ಹಳ್ಳಿ ಕೊಳಕೂರಿನವರ ರಿಮೋಟ್ ಬರುವ ತನಕ. ವಾಲ್ಯೂಮ್ ಏರಿಸುವ ಬಟನ್ ತೂತು ಬಿದ್ದಿತ್ತು. ತಂದವನು ಹೊಲದ ಮಣ್ಣು ಹತ್ತಿದ ಚಪ್ಪಲಿಯಲ್ಲೇ ನಿಂತು, ಜಲ್ದಿ ಮಾಡಿಕೊಡ್ರಿ ಅಂದ. ಇವರು ಬಟನ್ ಹೊಸದು ಹಾಕಿದರು, ಆದರೆ ರಿಮೋಟ್ ಕೊಡಲಿಲ್ಲ. ಮನೆಯಲ್ಲಿ ಹಿರಿಯರು ಯಾರು ಎಂದು ಕೇಳಿದರು. ಅಪ್ಪ ಇದ್ದಾನೆ ಅಂದ. ಹಾಗಾದರೆ ಮೊದಲು ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಿ, ಆ ಚೀಟಿ ತಂದು ತೋರಿಸಿ ರಿಮೋಟ್ ಒಯ್ಯಿ ಅಂದರು. ಆತ ರೇಗಿ ಹೋದ. ಎಂಟು ದಿನಕ್ಕೆ ಮುದುಕನೇ ಬಂದ, ಕಿವಿಯ ಹಿಂದೆ ಸಣ್ಣ ಮಷಿನ್ ಹಾಕಿಕೊಂಡು. ಭಾಯಿಯ ಎರಡೂ ಕೈ ಹಿಡಿದು, ಮೊಮ್ಮಗಳ ಮಾತು ಮೊದಲ ಸಲ ಕೇಳಿದೆ ಅಂದ. ಆವತ್ತು ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಆದರೂ ಬುದ್ಧಿ ಕಲಿಯಲಿಲ್ಲ ನೋಡಿ. ಅವರು ನನ್ನ ಮೇಲೂ ಅದೇ ವಿದ್ಯೆ ನಡೆಸುತ್ತಾರೆಂದು ಕನಸಿನಲ್ಲೂ ಎಣಿಸಲಿಲ್ಲ.

ನನ್ನ ಕಥೆ ಹೇಳದೆ ಅವರ ಕಥೆ ಮುಂದೆ ಹೋಗುವುದಿಲ್ಲ. ನಾನು ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು. ಬೋರ್ಡಿಂಗಿನಲ್ಲಿ ನಮಗೊಬ್ಬ ಐರಿಷ್ ಸಿಸ್ಟರ್ ಇದ್ದರು, ನಾಲ್ಕು ಗೆರೆಯ ಕಾಪಿ ಬುಕ್ಕಿನಲ್ಲಿ ಕರ್ಸಿವ್ ಬರೆಸಿ ಬರೆಸಿ ನಮ್ಮ ಕೈ ತಿದ್ದಿದವರು. “ಯುವರ್ ಹ್ಯಾಂಡ್ ಈಸ್ ಯುವರ್ ಫೇಸ್, ಚೈಲ್ಡ್” ಅನ್ನುತ್ತಿದ್ದರು. ಆ ಕೈಯಿಂದ ಎಷ್ಟು ಪ್ರೋಗ್ರೆಸ್ ಕಾರ್ಡಿಗೆ ಸೈನ್ ಮಾಡಿದ್ದೇನೆಂದರೆ, ಈಗಲೂ ಜೇವರ್ಗಿಯ ಸಂತೆಯಲ್ಲಿ ಯಾರಾದರೂ ನಿಲ್ಲಿಸಿ, ಟೀಚರ್, ನಿಮ್ಮ ಸಹಿ ನಮ್ಮ ಮನೆಯಲ್ಲಿ ಇನ್ನೂ ಇಟ್ಟಿದ್ದೇವೆ ಅನ್ನುತ್ತಾರೆ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ನನ್ನದು ಅಂತ ಇದ್ದದ್ದು ಆ ಸಹಿ ಒಂದೇ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲು ಬಂತು, ಬಲಗೈ ಮಾತ್ರ ಬೇರೆ ಯಾರದೋ ಕೈಯ ಹಾಗೆ ಮಡಿಲಲ್ಲಿ ಬಿದ್ದುಕೊಂಡಿತು. ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಹಳದಿ ಸ್ಪಂಜಿನ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಚುಕಿ ಅಂದಳು. ಎರಡು ದಿನ ಹಿಚುಕಿದೆ. ಮೂರನೆಯ ದಿನ ಅದನ್ನು, ನನ್ನ ಜೊತೆಗಿರುವ ತಂಗಿಯ ಅಕ್ಕಿ ಡಬ್ಬಿಯಲ್ಲಿ ಹಾಕಿಬಿಟ್ಟೆ. ಎಪ್ಪತ್ತೆರಡರ ಹೆಂಗಸು ಕೂತುಕೊಂಡು ಚೆಂಡು ಹಿಚುಕುವುದೆಂದರೇನು, ನಾನ್ಸೆನ್ಸ್.

ಆಮೇಲೆ ಬ್ಯಾಂಕಿನವರು ಕರೆದರು. ಹಳೆಯ ಸಹಿಗೂ ಈಗಿನದಕ್ಕೂ ತಾಳೆಯಾಗುವುದಿಲ್ಲ, ಹೊಸ ಕಾರ್ಡಿನಲ್ಲಿ ಮೂರು ಸಲ ಸಹಿ ಮಾಡಿಕೊಡಿ ಅಂದರು. ಕಾರ್ಡಿನಲ್ಲಿ ಮೂರು ಖಾಲಿ ಚೌಕ. ಮೊದಲು ಬೇರೆ ಚೀಟಿಯ ಮೇಲೆ ಬರೆದು ನೋಡಿದೆ, ಪೆನ್ನು ಮಸಿಯಲ್ಲಿ ಬಿದ್ದ ಹುಳದಂತೆ ಹರಿದಾಡಿತು. ಕೌಂಟರಿನ ಹೆಣ್ಣುಮಗಳು ಒಳ್ಳೆಯವಳು, ನನ್ನ ಸ್ಟೂಡೆಂಟಿನ ಮಗಳೇ. ತೊಂದರೆ ತಗೋಬ್ಯಾಡ್ರಿ ಟೀಚರ್ ಅನ್ನುತ್ತ, ಮೆಲ್ಲಗೆ, ತೀರ ಮೆಲ್ಲಗೆ, ನೀಲಿ ಇಂಕಿನ ಪ್ಯಾಡನ್ನು ನನ್ನ ಕಡೆ ಸರಿಸಿದಳು.

ಹೆಬ್ಬೆಟ್ಟು. ನನ್ನ ಕ್ಲಾಸಿನ ಮಕ್ಕಳ ತಾಯಂದಿರು ಪ್ರೋಗ್ರೆಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿ ಕಳಿಸಿದಾಗ ನಾನೇ ಅವರನ್ನು ಕರೆಸಿ, ಕೈ ಹಿಡಿದು ಹೆಸರು ಬರೆಯಲು ಕಲಿಸಿದ್ದೆ. ಆ ಪ್ಯಾಡಿನ ಮುಂದೆ ಎಷ್ಟು ಹೊತ್ತು ನಿಂತೆನೋ. ಆಮೇಲೆ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು, ಐ ವಿಲ್ ಕಮ್ ಬ್ಯಾಕ್ ಅಂದು ಹೊರಬಂದೆ. ಕಾರ್ಡನ್ನು ಡಿಕ್ಷನರಿಯ ಒಳಗಿಟ್ಟೆ. ತಂಗಿ, ಒಂದು ಹೆಬ್ಬೆಟ್ಟು ಒತ್ತಿದರೆ ಏನಾಗ್ತದ ಅಕ್ಕಾ ಅಂದಳು. ನಾನು ಮೂರು ದಿನ ಅವಳ ಹತ್ತಿರ ಮಾತಾಡಲಿಲ್ಲ.

ಆ ಮೌನದ ದಿನಗಳಲ್ಲೇ ತಂಗಿಯ ಮಗಳು ಬಂದು ಹೋದಳು. ಹೋಗುವಾಗ ತನ್ನ ಹಳೆಯ ಆಟದ ಮಷಿನ್ ನನ್ನ ಮಡಿಲಲ್ಲಿ ಹಾಕಿ, ದೊಡ್ಡಮ್ಮಾ, ಟೈಂಪಾಸ್ ಅಂದಳು. ಅಂಗೈಗಿಂತ ಸ್ವಲ್ಪ ದೊಡ್ಡದು. ನಡುವೆ ಸಣ್ಣ ಸ್ಕ್ರೀನು. ಎಡಗಡೆ ಕೂಡು ಗುರುತಿನ ಆಕಾರದ ಬಟನ್, ಇಟ್ಟಂಗಿಯನ್ನು ಅತ್ತಿತ್ತ ಸರಿಸಲು. ಬಲಗಡೆ ನಾಲ್ಕು ದುಂಡು ಬಟನ್. ಅದರಲ್ಲಿ ಒಂದು ಒತ್ತಿದರೆ ಇಟ್ಟಂಗಿ ತಿರುಗುತ್ತದೆ, ಕೆಳಗಿನದು ಒತ್ತಿದರೆ ಸ್ಕ್ರೀನಿನ ಹಿಂದಿನ ಬೆಳಕು ಏರುತ್ತದೆ. ಮೇಲಿನಿಂದ ಬಗೆಬಗೆಯ ಇಟ್ಟಂಗಿ ಬೀಳುತ್ತವೆ, ಸಂದಿಲ್ಲದೆ ಜೋಡಿಸಬೇಕು, ಸಾಲು ತುಂಬಿದರೆ ಮಾಯವಾಗುತ್ತದೆ. ಇಷ್ಟೇ ಆಟ.

ಇಷ್ಟೇ ಅಂತೀನಿ, ಆದರೆ ಅಬ್ಬಾ! ಮೊದಲ ಸಾಲು ಟಿಣ್ ಅಂತ ಮಾಯವಾದಾಗ ನನ್ನ ಮೈ ಜುಮ್ಮೆಂದಿತು. ಮಷಿನ್ನನ್ನು ಊಟದ ಮೇಜಿನ ಮೇಲಿಟ್ಟು, ಎಡಗೈ ಒಂದರಿಂದಲೇ ಎರಡೂ ಕಡೆ ಓಡಾಡುತ್ತಿದ್ದೆ. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು. ಇಟ್ಟಂಗಿ ನಿಧಾನ ಬೀಳುವ ಮೊದಲ ಎರಡು ಲೆವೆಲ್ ಹಾಗೆ ಗೆದ್ದೆ. ಮೂರನೆಯದಕ್ಕೆ ಕೈ ಸಾಲಲಿಲ್ಲ. ತಂಗಿ ಒಳಗಿನಿಂದ ರೊಟ್ಟಿ ತಟ್ಟುತ್ತ, ಬಿತ್ತೇನು ನಿನ್ನ ಮನಿ ಎಂದು ಕೇಳುತ್ತಿದ್ದಳು. ಬಿತ್ತು ಅನ್ನುತ್ತಿದ್ದೆ. ನಾವು ಮತ್ತೆ ಮಾತಾಡಲು ಶುರುಮಾಡಿದ್ದು ಹೀಗೆ.

ಒಂದು ದಿನ ಎತ್ತಿಕೊಳ್ಳಲು ಹೋಗಿ ಮೆಟ್ಟಿಲ ಮೇಲೆ ಬೀಳಿಸಿದೆ. ಶಬ್ದ ಬರುತ್ತದೆ, ಬೆಳಕಿಲ್ಲ. ತಂಗಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನನ್ನು ರೇಡಿಯೋ ಭಾಯಿಯ ಹತ್ತಿರ ಕರೆದೊಯ್ದಳು. ಅವರು ಬಿಚ್ಚಿದರು. ಉಗುರಿನಿಂದ ರಬ್ಬರ್ ಎತ್ತಿದರು. ಎಡಗಡೆಯದನ್ನು ನೋಡಿದರು, ಬಲಗಡೆಯದನ್ನು ನೋಡಿದರು, ಭೂತಗನ್ನಡಿ ಹಿಡಿದು ಮತ್ತೆ ನೋಡಿದರು. ನನ್ನ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ಕೈ ನೋಡಿದರು. ನಾನು ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತಾಗ ತಂಗಿಯ ಹತ್ತಿರ ಏನೋ ಸ್ವಲ್ಪ ಮಾತಾಡಿದರು. ಬಿಲ್ಲಿನ ಮಾತು ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಮಷಿನ್ ಕೊಟ್ಟರು. ಬೆಳಕು ಬಂದಿತ್ತು, ಮೊದಲಿಗಿಂತ ಚೆನ್ನಾಗಿ.

“ಒಂದು ಸಣ್ಣ ಖೋಡಿ ಉಳದದ್ರಿ,” ಅಂದರು, ಬಹಳ ಬೇಜಾರಿನ ಮುಖ ಮಾಡಿ. “ಎರಡು ನಿಮಿಷಕ್ಕೊಮ್ಮೆ ಲೈಟ್ ಕೆಳಗ ಬೀಳ್ತದ. ಬಲಗಡಿ ಕೆಳಗಿನ ಬಟನ್ ಒತ್ತಿ, ಮೂರು ಎಣಸೋ ತನಕ ಹಿಡಕೊಂಡ್ರ ಏಳ್ತದ. ಪಾರ್ಟ್ ಹೈದ್ರಾಬಾದಿನಿಂದ ಬರಬೇಕ್ರಿ. ಬರೂ ತನಕ ಹಿಂಗ ನಡಸ್ರಿ.”

ಇದೆಂಥ ರಿಪೇರಿ? ಮನೆಗೆ ಬಂದು ಆಟಕ್ಕೆ ಕೂತರೆ, ಸರಿಯಾಗಿ ಸಾಲು ತುಂಬುವ ಹೊತ್ತಿಗೆ ಬೆಳಕು ಇಳಿದುಬಿಡುತ್ತಿತ್ತು. ಇಟ್ಟಂಗಿಗಳು ಮಬ್ಬಿನಲ್ಲಿ ಬೀಳುತ್ತಲೇ ಇರುತ್ತವೆ. ಎಡಗೈ ಅತ್ತ ಒಯ್ದು ಮೂರು ಎಣಿಸಿದರೆ ಅಷ್ಟರಲ್ಲಿ ಗೋಡೆ ಮೇಲೆ ಗೋಡೆ ಎದ್ದು ಆಟ ಮುಗಿದಿರುತ್ತದೆ. ಎಡಗೈ ಬಿಡುವ ಹಾಗಿಲ್ಲ, ಬೆಳಕಿಲ್ಲದೆ ನಡೆಯುವುದಿಲ್ಲ. ಕೊನೆಗೆ ಸಿಟ್ಟಿನಲ್ಲಿ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ಆ ಬಟನ್ ಮೇಲೆ ಕೂಡಿಸಿದೆ. ಹೂವಿನ ಮೇಲೆ ಕೈಯಿಟ್ಟಷ್ಟು ಮೆತ್ತಗಿತ್ತು ಅದು. ಆದರೂ ಒತ್ತಲು ಹದಿನೈದು ದಿನ ಹಿಡಿಯಿತು. ಹದಿನಾರನೆಯ ದಿನ ಒನ್, ಟೂ, ತ್ರೀ... ಬೆಳಕು ಎದ್ದಿತು! ನಾನು ಕಿರುಚಿದ್ದಕ್ಕೆ ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಆದರೆ ಆ ಖುಷಿ ಬಹಳ ದಿನ ಉಳಿಯಲಿಲ್ಲ. ತಿಂಗಳಿಗೆ, ಪಾರ್ಟ್ ಬಂತೇನು ಎಂದು ಕೇಳಲು ಹೋದಾಗ ಅವರು ಮಷಿನ್ ಒಮ್ಮೆ ಬಿಚ್ಚಿ ನೋಡಿ ಕೊಟ್ಟರು, ಆಮೇಲೆ ಮೂರು ಎಣಿಸಿದರೆ ಸಾಲುತ್ತಿರಲಿಲ್ಲ, ಐದು ಎಣಿಸಬೇಕಾಯಿತು. ಮತ್ತೆ ಅಂಗಡಿಗೆ ಹೋಗಿ ಕಂಪ್ಲೇಂಟ್ ಮಾಡಿದೆ. ಧೂಳು ಕೂತಿರಬೇಕು, ಕ್ಲೀನ್ ಮಾಡಿಕೊಡ್ತೇನಿ ಅಂದು, ಬೆನ್ನು ತಿರುಗಿಸಿ ಕೂತು ಏನೋ ಮಾಡಿ ಕೊಟ್ಟರು. ಮನೆಗೆ ತಂದು ಒತ್ತಿದರೆ ಬಟನ್ ಮೊದಲಿಗಿಂತ ಗಟ್ಟಿ. ಮತ್ತೊಂದು ತಿಂಗಳಿಗೆ ಎಂಟು ಎಣಿಸಬೇಕು, ಬಟನ್ ಇನ್ನೂ ಗಟ್ಟಿ. ಹೋದಾಗೆಲ್ಲ ಸ್ಟೂಲ್ ಹಾಕಿ, ಚಾ ತರಿಸಿ, ನನ್ನ ಬೈಗುಳವನ್ನು ಹಾಡಿನ ಹಾಗೆ ಕೇಳುತ್ತಿದ್ದರು. ನಾನು ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ ಬೈಯುವವಳು. ಯು ಆರ್ ಎ ಹೋಪ್‌ಲೆಸ್ ಮೆಕ್ಯಾನಿಕ್ ಅನ್ನುತ್ತಿದ್ದೆ. ಅವರು ಥ್ಯಾಂಕ್ಯೂ ಟೀಚರಬಾಯಿ ಅನ್ನುತ್ತಿದ್ದರು. ಪಾರ್ಟ್ ಎಲ್ಲಿ ಎಂದರೆ, ಲಾರಿ ಬಂದಿಲ್ರಿ. ಮುಂದಿನ ಸಲ ಕೇಳಿದರೆ, ಲಾರಿ ಬಂತು, ಆದ್ರ ಬೇರೆ ಪಾರ್ಟ್ ಕಳಸ್ಯಾರ.

ನನಗೆ ಬೇಸರವಾಗುತ್ತಿದ್ದದ್ದು ಮಷಿನ್ನಿಗಾಗಿ ಮಾತ್ರ ಅಲ್ಲ. ಆರು ತಿಂಗಳಾದರೂ ಆ ಬಟನ್ ಒತ್ತುವಾಗ ಅಷ್ಟೇ ಕಷ್ಟ, ಅಷ್ಟೇ ಬೆವರು. ಅಂದರೆ ಕೈ ಒಂದಿಂಚೂ ಮುಂದೆ ಹೋಗಿಲ್ಲ ಎಂದು ಲೆಕ್ಕ ಹಾಕಿದೆ. ಇಟ್ಟಂಗಿ ತಿರುಗಿಸುವ ಬಟನ್ನಿಗೂ ಬಲ ಹೆಬ್ಬೆರಳೇ ಹೋಗುತ್ತಿದೆ, ಆರನೆಯ ಲೆವೆಲ್ ದಾಟಿದ್ದೇನೆ ಎನ್ನುವುದು ಕಣ್ಣ ಮುಂದೆ ಇದ್ದರೂ ಕಾಣಲಿಲ್ಲ. ಡಿಕ್ಷನರಿಯಲ್ಲಿದ್ದ ಕಾರ್ಡನ್ನು ಹೊರಗೆ ತೆಗೆಯುವ ಧೈರ್ಯವೇ ಬರಲಿಲ್ಲ. ಒಂದು ದಿನ ತಂಗಿಗೆ ಹೇಳಿದೆ, ಬರುವ ಸೋಮವಾರ ಬ್ಯಾಂಕಿಗೆ ಹೋಗೋಣ, ಹೆಬ್ಬೆಟ್ಟೇ ಒತ್ತಿ ಬರ್ತೀನಿ. ಅವಳು, ಮೊದಲು ಘತ್ತರಗಿಗೆ ಹೋಗಿ ಭಾಗ್ಯವಂತಿಗೆ ಕೈ ಮುಗಿದು ಬರೋಣ ನಡಿ ಅಂದಳಷ್ಟೆ.

ಅಮಾವಾಸ್ಯೆಗೆ ಹೋದೆವು. ಭೀಮೆಯಲ್ಲಿ ನೀರು ತುಂಬಿತ್ತು, ಸೊನ್ನದ ಬ್ಯಾರೇಜಿನ ಕಡೆಯಿಂದ ಗಾಳಿ ತಣ್ಣಗೆ ಬರುತ್ತಿತ್ತು. ತಂಗಿ ದೇವಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು, ನಾನು ಗುಡಿಯ ಮೆಟ್ಟಿಲ ಮೇಲೆ ಕೂತು ಏಳನೆಯ ಲೆವೆಲ್ ಆಡುತ್ತಿದ್ದೆ. ದೇವಿ ಕ್ಷಮಿಸಲಿ. ತಂಗಿಯ ನಾದಿನಿಯ ಮನೆ ಅಫಜಲಪುರದಲ್ಲಿ. ಅಲ್ಲಿಗೆ ಹೋಗಿ ಊಟ ಮಾಡಿ ಬರುವುದೆಂದು ಬಸ್ ಹತ್ತಿದೆವು. ಇಳಿದ ಕೂಡಲೇ ಎದುರಿಗೆ ದೊಡ್ಡ ಮೊಬೈಲ್ ರಿಪೇರಿ ಅಂಗಡಿ. ನನಗೆ ಒಂದು ಐಡಿಯಾ ಬಂತು. ಈ ಹೋಪ್‌ಲೆಸ್ ಮನುಷ್ಯನ ಹಂಗು ಯಾಕೆ, ಇಲ್ಲೇ ಸರಿ ಮಾಡಿಸಿಬಿಡೋಣ. ತಂಗಿ ನನ್ನ ಸೆರಗು ಹಿಡಿದೆಳೆದಳು, ಬ್ಯಾಡ ಅಕ್ಕಾ, ಬ್ಯಾಡ ಅಂದಳು. ಯಾಕೆ ಅಷ್ಟು ಗಾಬರಿಯಾದಳೋ ಆಗ ತಿಳಿಯಲಿಲ್ಲ.

ಅಂಗಡಿಯ ಯಜಮಾನ ನಲವತ್ತರ ಗಂಡಸು, ಗರಡಿಯಲ್ಲಿ ಬೆಳೆದ ತೋಳು, ಮೊಬೈಲು ಅವನ ಕೈಯಲ್ಲಿ ಬಿಸ್ಕತ್ತಿನ ಹಾಗೆ ಕಾಣುತ್ತಿತ್ತು. ಖೋಡಿ ಏನೆಂದು ಹೇಳಿದೆ. ಮಷಿನ್ ಚಾಲೂ ಮಾಡಿ, ಬೆಳಕು ಇಳಿಯುವ ತನಕ ಕಾದು, ಆ ಬಟನ್ ಒತ್ತಿದ. ಬೆಳಕು ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಎರಡೂ ಹೆಬ್ಬೆರಳು ಒಂದರ ಮೇಲೊಂದು ಇಟ್ಟು ಒತ್ತಿದ, ನಾಲ್ಕು ಎಣಿಸುವಷ್ಟರಲ್ಲಿ ಬೆರಳು ಜಾರಿತು.

“ಇದೇನ್ ಬಟನ್ನೋ ಕಲ್ಲೋ ಅವ್ವಾರ? ಇದನ್ನ ಯಾರು ಒತ್ತತಾರ್ರಿ ನಿಮ್ಮನ್ಯಾಗ?”

“ನಾನೇ,” ಅಂದೆ.

ಅವನು ನನ್ನನ್ನು ನೋಡಿದ. ನರೆ ಕೂದಲು, ದಪ್ಪ ಕನ್ನಡಕ. ನಂಬಲಿಲ್ಲ. ನಾನು ಮಷಿನ್ ಇಸಿದುಕೊಂಡು, ಬಲ ಹೆಬ್ಬೆರಳು ಇಟ್ಟು, ಮನಸ್ಸಿನಲ್ಲೇ ಎಂಟು ಎಣಿಸಿದೆ. ಬೆಳಕು ಎದ್ದು ನಿಂತಿತು. ಅವನು ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಆಮೇಲೆ ಬಿಚ್ಚಿ, ನನ್ನನ್ನು ಕೌಂಟರಿನ ಒಳಗೆ ಕರೆದು ತೋರಿಸಿದ. ಬೆಳಕಿನ ದಾರಿಯಲ್ಲಿ ಹಳೆಯ ಆಟಿಕೆಯಿಂದ ತೆಗೆದ ಒಂದು ಸಣ್ಣ ಟೈಮರ್ ಕೂಡಿಸಿದೆ, ಎರಡು ನಿಮಿಷಕ್ಕೆ ಬೆಳಕು ಇಳಿಸುವುದು ಅದರ ಕೆಲಸ. ಕೂದಲೆಳೆಯಂಥ ವೈರು ಅದರಿಂದ ಈ ಬಟನ್ನಿಗೆ ಬಂದಿದೆ, ಎಷ್ಟು ಹೊತ್ತು ಒತ್ತಬೇಕು ಅನ್ನುವುದಕ್ಕೆ ಪಕ್ಕದಲ್ಲೇ ಒಂದು ಸಣ್ಣ ತಿರುಪು. ಬಟನ್ ಕೆಳಗಿನ ರಬ್ಬರ್ ತೆಗೆದು, ಯಾವುದೋ ಗಟ್ಟಿ ಸ್ಪ್ರಿಂಗ್ ಕತ್ತರಿಸಿ ಹಾಕಿದ್ದಾರೆ. ಬೆಸುಗೆ ನೋಡಿ ಅವನು ತಲೆ ಅಲ್ಲಾಡಿಸಿದ.

“ಇದರಾಗ ಖೋಡಿ ಏನೂ ಇಲ್ರಿ. ಯಾರೋ ಬೇಕಂತ ಮಾಡ್ಯಾರ. ಭಾಳ ಪ್ರೀತಿಲೆ ಮಾಡ್ಯಾರ.”

ನಾನು ತಂಗಿಯ ಕಡೆ ನೋಡಿದೆ. ಅವಳು ರಸ್ತೆಯ ಕಡೆ ನೋಡುತ್ತಿದ್ದಳು. ಕಿವಿ ಕೆಂಪಾಗಿತ್ತು. ಆರು ತಿಂಗಳು ಒಬ್ಬ ಮೆಕ್ಯಾನಿಕ್ಕೂ ನನ್ನ ಸ್ವಂತ ತಂಗಿಯೂ ಸೇರಿ ನನ್ನನ್ನು ಆಡಿಸಿದ್ದರು.

ಕೌಂಟರಿನ ಮೇಲೆ ದಾರ ಕಟ್ಟಿದ ಬಾಲ್ ಪೆನ್ನು ಇತ್ತು, ಪಕ್ಕದಲ್ಲಿ ಹೊಸ ಮೊಬೈಲಿನ ಖಾಲಿ ಡಬ್ಬಿ. ಪೆನ್ನು ಎತ್ತಿಕೊಂಡೆ. ಹೆಬ್ಬೆರಳು ಬಂದು ತೋರುಬೆರಳಿಗೆ ಕೂಡಿತು, ತಾನಾಗಿ, ಹಳೆಯ ಗೆಳತಿಯ ಪಕ್ಕ ಬೆಂಚಿನಲ್ಲಿ ಕೂತ ಹಾಗೆ. ಡಬ್ಬಿಯ ಮುಚ್ಚಳದ ಮೇಲೆ ನನ್ನ ಇನಿಶಿಯಲ್ಲು, ಅದರ ಉದ್ದನೆಯ ಲೂಪು, ಹೆಸರು, ಕೊನೆಗೆ ಸಿಸ್ಟರ್ ಯಾವತ್ತೂ ಜಾಸ್ತಿಯಾಯಿತು ಎಂದು ಬೈಯುತ್ತಿದ್ದ ಆ ಬಾಲ. ಸ್ವಲ್ಪ ನಡುಗಿತ್ತು. ಆದರೆ ನನ್ನದೇ. ಮತ್ತೆ ಬರೆದೆ. ಮತ್ತೆ. ಮುಚ್ಚಳ ತುಂಬಿತು, ಡಬ್ಬಿ ತಿರುಗಿಸಿದೆ. ತಂಗಿ ಅಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಪೈಲ್ವಾನ ಅವಳಿಗೆ ನೀರು ಕೊಡುತ್ತಿದ್ದ. ನಾದಿನಿಯ ಮನೆಯ ಊಟ ಆವತ್ತು ಆರಿಹೋಯಿತು.

ಟೈಮರ್ ತೆಗೆಯಲೇನ್ರಿ ಎಂದು ಅವನು ಕೇಳಿದ. ಮುಟ್ಟಬೇಡ ಅಂದೆ. ಹೇಗಿತ್ತೋ ಹಾಗೇ ಮುಚ್ಚಿಸಿಕೊಂಡೆ.

ಮರುದಿನ ಅಂಗಡಿ ತೆರೆಯುವ ಮೊದಲೇ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಅವರು ಸೈಕಲ್ ಇಳಿದು, ನನ್ನ ಕೈಯಲ್ಲಿದ್ದ ಮೊಬೈಲ್ ಡಬ್ಬಿ ನೋಡಿದರು. ಅದರ ಮೇಲಿನ ಸಹಿಗಳನ್ನು ನೋಡಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ರೇಡಿಯೋದ ಸರ್ಕಿಟ್ ನೋಡುವಂತೆ ಒಂದೊಂದೇ ಗೆರೆಯ ಹಿಂದೆ ಕಣ್ಣು ಹೋಯಿತು. ಸಿಕ್ಕಿಬಿದ್ದೆ ಅನ್ನುವ ಹಾಗೆ ನಕ್ಕರು. ನಾನು ರಾತ್ರಿಯೆಲ್ಲ ಉದ್ದನೆಯ ಭಾಷಣ ರೆಡಿ ಮಾಡಿಕೊಂಡಿದ್ದೆ. ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದೆ.

“ಹೇಳಿದ್ರ ಚೆಂಡಿನಂಗ ಇದನ್ನೂ ಅಕ್ಕಿ ಡಬ್ಬಿಗಿ ಹಾಕ್ತಿದ್ರಿ,” ಅಂದರು. “ದವಾ ಅಂತ ಒತ್ತಿದ್ರ ಹತ್ತು ಸಲ ಒತ್ತತೀರಿ. ಸಿಟ್ಟಿಲೆ ಒತ್ತಿದ್ರ ಸಾವಿರ ಸಲ.”

ಆಮೇಲೆ ಸ್ಟೂಲ್ ಹಾಕಿ, ಚಾ ಹೇಳಿ, ನಿಧಾನ ಹೇಳಿದರು. ಅವರ ಹೆಂಡತಿಗೂ ಹೀಗೇ ಆಗಿತ್ತಂತೆ, ಬಹಳ ಹಿಂದೆ. ಆಕೆಗೆ ರೇಡಿಯೋ ಎಂದರೆ ಪ್ರಾಣ. ಇವರು ಸ್ಟೇಷನ್ ಹಿಡಿಯುವ ತಿರುಗಣೆಯನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋದರು, ಸ್ಟೇಷನ್ ತಾನಾಗಿ ಜಾರಿಹೋಗುವ ಹಾಗೂ ಮಾಡಿದರು. ಆಕೆ ಹಾಡಿನ ನಡುವೆ ಎದ್ದು ತಿರುಗಿಸಬೇಕು, ಗಂಡನಿಗೆ ಶಾಪ ಹಾಕಬೇಕು. ಒಂದು ವರ್ಷಕ್ಕೆ ಆ ಕೈ ಮತ್ತೆ ರೊಟ್ಟಿ ಬಡಿಯಿತು.

“ಆಕಿಗಿ ಹೇಳಲಿಲ್ಲೇನು?”

“ಕಡೀ ತನಕ ಹೇಳಲಿಲ್ರಿ. ಕೆಟ್ಟ ಮೆಕ್ಯಾನಿಕ್ ಅಂತನೇ ತಿಳಕೊಂಡು ಹೋದ್ಲು.” ಚಾ ಬಸಿಗೆ ಸುರಿದುಕೊಂಡು ಸೊರ್ರನೆ ಹೀರಿದರು. “ಮತ್ತ, ಹೋಪ್‌ಲೆಸ್ ಅಂದ್ರ ಏನಂತ ನನಗ ಗೊತ್ತದ್ರಿ ಟೀಚರಬಾಯಿ. ನೀವು ಹನ್ನೊಂದು ಸಲ ಅಂದೀರಿ.”

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಮಾತ್ರ ಖುಷಿಯಲ್ಲಿ ತೊಡೆ ತಟ್ಟಿಕೊಂಡು ನಕ್ಕರು.

ಸೋಮವಾರ ಬ್ಯಾಂಕಿಗೆ ಹೋದೆ. ಡಿಕ್ಷನರಿಯಿಂದ ಕಾರ್ಡ್ ತೆಗೆದುಕೊಂಡು, ನನ್ನ ಹಳೆಯ ಇಂಕ್ ಪೆನ್ನು ತುಂಬಿಸಿಕೊಂಡು. ಕೌಂಟರಿನ ಹೆಣ್ಣುಮಗಳು ಅಭ್ಯಾಸದಿಂದ ಪ್ಯಾಡಿಗೆ ಕೈ ಹಾಕಿದಳು. ಕೀಪ್ ಇಟ್ ಇನ್‌ಸೈಡ್, ಡಿಯರ್, ಅಂದೆ. ಮೂರು ಚೌಕ, ಮೂರು ಸಹಿ, ಬಾಲ ಸಮೇತ. ಮೂರನೆಯದು ಚೌಕದ ಗೆರೆ ದಾಟಿತು, ಬೇಕಂತಲೇ ದಾಟಿಸಿದೆ. ಹೊರಗೆ ಮೆಟ್ಟಿಲ ಹತ್ತಿರ ರೇಡಿಯೋ ಭಾಯಿ ಸೈಕಲ್ ಹಿಡಿದು ನಿಂತಿದ್ದರು. ಯಾವುದೋ ರಿಮೋಟ್ ಕೊಡಲು ಈ ಕಡೆ ಬಂದಿದ್ದೆ ಅಂದರು. ಕೈಯಲ್ಲಿ ಯಾವ ರಿಮೋಟೂ ಇರಲಿಲ್ಲ.

ಆಮೇಲಿನ ಒಂದು ವರ್ಷ ನಮ್ಮ ದೋಸ್ತಿ ಜೋರಾಗಿ ನಡೆಯಿತು. ನಾನು ಅವರಿಗೆ ಇಂಗ್ಲಿಷ್ ಅಕ್ಷರ ಬರೆಯಲು ಕಲಿಸಿದೆ, ಕರ್ಸಿವ್ ಅಲ್ಲ, ಬಿಡಿಬಿಡಿ. ಪಾರ್ಟುಗಳ ಮೇಲಿನ ಹೆಸರು ತಾವೇ ಓದುವಷ್ಟು. ಅವರು ಮಷಿನ್ನನ್ನು ತಿಂಗಳಿಗೊಮ್ಮೆ ಕ್ಲೀನ್ ಮಾಡುತ್ತಿದ್ದರು, ಈಗ ಬೆನ್ನು ತಿರುಗಿಸದೆ, ನನ್ನ ಕಣ್ಣ ಮುಂದೆ. ಬೈಯುವುದನ್ನು ನಾನು ನಿಲ್ಲಿಸಿದಾಗ ಅವರೇ ಕೇಳಿದರು, ಏನ್ರಿ ಆರಾಮಿಲ್ಲೇನು ಎಂದು. ಆದ್ದರಿಂದ ಮತ್ತೆ ಶುರುಮಾಡಿದೆ.

ಹೋದ ಬೇಸಿಗೆಯಲ್ಲಿ ಮೈಯಲ್ಲಿ ಸರಿಯಿಲ್ಲವೆಂದು ಆಳಂದಕ್ಕೆ ಮಗಳ ಮನೆಗೆ ಹೋದರು. ಅಂಗಡಿಯ ಬಾಗಿಲಿಗೆ ಬೀಗ ಬಿತ್ತು. ಹದಿನೈದು ದಿನಕ್ಕೆ ಬರುತ್ತೇನೆ ಅಂದಿದ್ದರು. ತಿಂಗಳಾದ ಮೇಲೆ ಮಗಳೇ ಬಂದಳು, ಅಂಗಡಿ ಖಾಲಿ ಮಾಡಲು. ಅಪ್ಪ ಕುಂತಲ್ಲೇ ಹೋದರು, ಮಡಿಲಲ್ಲಿ ಮೊಮ್ಮಕ್ಕಳ ಕೆಟ್ಟ ಗೊಂಬೆ ಇತ್ತು ಅಂದಳು. ಸ್ಕ್ರೂ ಬಿಚ್ಚಿ ಮುಗಿದಿತ್ತಂತೆ.

ಹೋಗುವಾಗ ನಮ್ಮ ಮನೆಗೆ ಬಂದು ಒಂದು ಬೆಂಕಿಪೆಟ್ಟಿಗೆ ಕೊಟ್ಟಳು. ಅದರ ಮೇಲೆ ದೊಡ್ಡ ದೊಡ್ಡ ಬಿಡಿ ಅಕ್ಷರದಲ್ಲಿ, ನಾನು ಕಲಿಸಿದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಟೀಚರ್ ಎಂದು ಬರೆದಿತ್ತು. ಒಳಗೆ ಹತ್ತಿಯ ಮೇಲೆ ಸಣ್ಣ ಸಣ್ಣ ಕಾಗದದ ಪೊಟ್ಟಣ, ಪ್ರತಿಯೊಂದರ ಮೇಲೆ ಉರ್ದು ಅಂಕಿ. ಮಗಳು ಓದಿ ಹೇಳಿದಳು. ಒಂದರಲ್ಲಿ ಹೂವಿನಷ್ಟು ಮೆತ್ತಗಿನ ರಬ್ಬರ್. ಎರಡರಲ್ಲಿ ಅದಕ್ಕಿಂತ ದಪ್ಪನೆಯದು. ಮೂರರಲ್ಲಿ ಕತ್ತರಿಸಿದ ಒಂದು ಸ್ಪ್ರಿಂಗ್. ಇವೆಲ್ಲ ನನ್ನ ಹೆಬ್ಬೆರಳಿನ ಕೆಳಗೆ ಒಂದೊಂದು ಕಾಲ ಇದ್ದು ಬಂದವು. ನಾಲ್ಕರ ಕಾಗದ ಖಾಲಿ, ಅದು ಮಷಿನ್ನಿನಲ್ಲಿದೆ. ಐದರಲ್ಲಿ ಹೊಸ ಸ್ಪ್ರಿಂಗ್, ಎಲ್ಲಕ್ಕಿಂತ ಗಟ್ಟಿ, ಎಣ್ಣೆ ಹಚ್ಚಿ ಸುತ್ತಿಟ್ಟದ್ದು. ಇನ್ನೂ ಯಾರ ಬೆರಳೂ ತಾಗದ್ದು.

ಸಹಿ ಬಂದಿತು, ಕಾರ್ಡು ತುಂಬಿತು, ಅಷ್ಟಕ್ಕೆ ಮುಗಿಯಿತು ಎಂದು ನಾನು ಎಣಿಸಿದ್ದೆ. ಅವರು ಮುಂದಿನದನ್ನು ರೆಡಿ ಮಾಡಿಟ್ಟಿದ್ದರು.

ಮುಂದಿನ ಅಮಾವಾಸ್ಯೆಗೆ ಅಫಜಲಪುರದ ಪೈಲ್ವಾನನ ಹತ್ತಿರ ಒಯ್ದೆ. ಐದನೆಯದನ್ನು ಹಾಕಿಸಿದೆ. ಕಬ್ಬಿಣದ ಚಿಮಟ ಎತ್ತಿಕೊಂಡಾಗ ತಡೆದು, ಉಗುರಿನಿಂದ ಮಾಡಪ್ಪಾ ಅಂದೆ. ಅವನು ಚಿಮಟ ಕೆಳಗಿಟ್ಟು ಹಾಗೇ ಮಾಡಿದ.

ಈಗ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಆಡುತ್ತೇನೆ. ಹತ್ತನೆಯ ಲೆವೆಲ್. ಇಟ್ಟಂಗಿ ಮಳೆಯಂತೆ ಬೀಳುತ್ತವೆ. ಸರಿಯಾಗಿ ಎರಡು ನಿಮಿಷಕ್ಕೆ ಬೆಳಕು ಇಳಿಯುತ್ತದೆ. ಬಲ ಹೆಬ್ಬೆರಳು ಇಟ್ಟು ಒತ್ತುತ್ತೇನೆ. ಐದನೆಯದು ಬಹಳ ಗಟ್ಟಿ, ಏಳುವುದೇ ಇಲ್ಲ ಅನ್ನಿಸುತ್ತದೆ. ಹೋಪ್‌ಲೆಸ್ ಮೆಕ್ಯಾನಿಕ್, ಯೂಸ್‌ಲೆಸ್ ಫೆಲೋ, ಒಂದು ಲೈಟ್ ಸರಿ ಮಾಡಲು ಬರಲಿಲ್ಲ ನಿಮಗೆ ಎಂದು ಶುರುಮಾಡುತ್ತೇನೆ. ಬೆಳಕು ಏಳುವ ತನಕ ಬೈಯುತ್ತೇನೆ.